ಅಜ್ಜಯ್ಯನ ರಿಯಾಲಿಗೆ ಬೆಲೆ ಎಷ್ಟು?

ಕಳೆದ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಹನ್ನೆರಡನೆಯ ದಿನದ ಊಟ ಮುಗಿದ ಮೇಲೆ ಅವರ ಟ್ರಂಕು ತೆರೆದೆವು. ಹಳೆಯ ಸೀರೆಗಳ ಅಡಿಯಲ್ಲಿ ಒಂದು ಪುಟ್ಟ ಡಬ್ಬಿ, ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿ ನಾಣ್ಯ. ನೋಡಿದ ಕೂಡಲೇ ಅಪ್ಪಯ್ಯ ಮತ್ತು ಚಿಕ್ಕಪ್ಪ ಇಬ್ಬರ ಮುಖವೂ ಬದಲಾಯಿತು.

ಅದು ಅಜ್ಜಯ್ಯನ ನಾಣ್ಯ. ಕುಂದಾಪುರದ ಕಡೆಯಿಂದ ಮುಂಬೈಗೆ ಬಂದು, ಬಂದರಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದವರು ಅವರು. ಊಟದ ಬಾಕಿ ತೀರಿಸಲಾಗದ ಗಿರಾಕಿಯೊಬ್ಬ ಅಡವಿಟ್ಟು ಹೋದ ನಾಣ್ಯವಂತೆ. ಅಜ್ಜಯ್ಯ ಹೋದ ಮೇಲೆ ಅದು ಕಾಣಿಸಲಿಲ್ಲ. ಅಣ್ಣ ಮಾರಿಕೊಂಡ ಎಂದು ಚಿಕ್ಕಪ್ಪ, ತಮ್ಮ ಒಯ್ದಿದ್ದಾನೆ ಎಂದು ಅಪ್ಪಯ್ಯ. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ. ಆದರೆ ಹದಿನಾಲ್ಕು ವರ್ಷ ಇಬ್ಬರ ನಡುವೆ ಮಾತು ಮದುವೆ ಮುಂಜಿಗಳಿಗಷ್ಟೇ ಸೀಮಿತವಾಗಿತ್ತು. ಅಷ್ಟೂ ದಿನ ಅದು ಅಜ್ಜಿಯ ಸೀರೆಯ ಅಡಿಯಲ್ಲೇ ಇತ್ತು.

ನಾಣ್ಯ ಸಿಕ್ಕಿದ ಮೇಲೆ ಹೊಸ ತಾಪತ್ರಯ ಶುರುವಾಯಿತು. 'ಸ್ಪೇನ್ ದೇಶದ ಅಪರೂಪದ ಬೆಳ್ಳಿ ನಾಣ್ಯ, ಬೆಲೆ ಕೋಟಿ' ಎಂಬ ವಾಟ್ಸ್ಆ್ಯಪ್ ಸಂದೇಶ ಚಿಕ್ಕಪ್ಪನಿಗೆ ಬಂದಿತ್ತು. ಯಾರ ಹತ್ತಿರ ಇಡುವುದು? ಕೊನೆಗೆ ಇಬ್ಬರೂ ಒಪ್ಪಿದ ಒಂದೇ ವಿಷಯವೆಂದರೆ, ಅದನ್ನು ಮುಂಬೈಯಲ್ಲಿರುವ ನಾನು ಒಯ್ದು ಪರೀಕ್ಷೆ ಮಾಡಿಸಬೇಕು ಎನ್ನುವುದು. "ನೀನು ಎಂಟೆಕ್ ಓದಿದವ ಅಲ್ದಾ, ನೋಡಿ ಹೇಳು" ಎಂದರು ಚಿಕ್ಕಪ್ಪ.

ನಾನು ಓದಿದ್ದು ಕಂಪ್ಯೂಟರ್. ಕೆಲಸ ಬ್ಯಾಂಕುಗಳ ಹಣ ಪಾವತಿಯ ತಂತ್ರಾಂಶದಲ್ಲಿ. ಒಂದು ಕಡೆ ಹೋದ ಹಣಕ್ಕೂ ಇನ್ನೊಂದು ಕಡೆ ಬಂದ ಹಣಕ್ಕೂ ತಾಳೆಯಾಗುತ್ತಿದೆಯೇ ಎಂದು ನೋಡುವುದು ನಮ್ಮ ತಂಡದ ಕರ್ಮ. ನಾಣ್ಯದ ಗಂಧಗಾಳಿ ಇರಲಿಲ್ಲ. ಆದರೂ ಆ ನಾಣ್ಯದ ಹಿಂದೆ ಬಿದ್ದು ಕಳೆದ ನಾಲ್ಕು ತಿಂಗಳು ನಾನು ಓದಿದ ಇತಿಹಾಸ, ಕೊನೆಗೂ ನನ್ನ ಕೆಲಸದ ವಿಷಯವೇ ಆಗಿತ್ತು: ಯಾರ ಮಾತನ್ನು ನಂಬುವುದು, ಯಾಕೆ ನಂಬುವುದು.

ಅಡುಗೆಮನೆಯ ಪ್ರಯೋಗಾಲಯ

ಮೊದಲು ಅದು ಖೋಟಾ ನಾಣ್ಯವೇ ಎಂದು ನೋಡಬೇಕಿತ್ತು. ಈ ಬಗೆಯ ನಾಣ್ಯಗಳ ನಕಲು ಬೇಕಾದಷ್ಟಿವೆ. ಆನ್‌ಲೈನ್‌ನಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆ. ತೂಕ 26.3 ಗ್ರಾಂ. ನಂತರ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು, ನಾಣ್ಯವನ್ನು ದಾರದಲ್ಲಿ ಕಟ್ಟಿ ಲೋಟದ ತಳಕ್ಕೆ ತಾಗದಂತೆ ಮುಳುಗಿಸಿದೆ. ತಕ್ಕಡಿ 2.55 ಗ್ರಾಂ ಹೆಚ್ಚು ತೋರಿಸಿತು. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ 10.3. ಅಪ್ಪಟ ಬೆಳ್ಳಿಗೆ 10.5, ತಾಮ್ರಕ್ಕೆ ಸುಮಾರು 9, ಹಿತ್ತಾಳೆಗೆ ಇನ್ನೂ ಕಡಿಮೆ. ನೂರರಲ್ಲಿ 90 ಪಾಲು ಬೆಳ್ಳಿ, ಉಳಿದದ್ದು ತಾಮ್ರ ಎಂದು ಲೆಕ್ಕ ಹಾಕಿದರೆ ಬರುವುದೂ 10.3.

ಮುಖದ ಮೇಲೆ ರಾಜನ ತಲೆ, ಸುತ್ತ ಲ್ಯಾಟಿನ್ ಅಕ್ಷರ. ಕಾರೋಲುಸ್, ಅಂದರೆ ಸ್ಪೇನಿನ ದೊರೆ ನಾಲ್ಕನೆಯ ಕಾರ್ಲೊಸ್. ರೋಮನ್ ಅಂಕಿಯ ನಾಲ್ಕನ್ನು ನಾಲ್ಕು ಗೀಟುಗಳಲ್ಲೇ ಬರೆದಿದ್ದಾರೆ. ಇಸವಿ 1797. ಹಿಂಬದಿಯಲ್ಲಿ ಎರಡು ಕಂಬಗಳ ನಡುವೆ ಕಿರೀಟ ಹೊತ್ತ ಲಾಂಛನ. ಅಂಚಿನ ಬರಹದಲ್ಲಿ ನೆತ್ತಿಯ ಮೇಲೆ ಪುಟ್ಟ 'ಒ' ಹೊತ್ತ 'ಎಂ' ಅಕ್ಷರ, ಇದು ಮೆಕ್ಸಿಕೊ ಟಂಕಸಾಲೆಯ ಗುರುತು. ಮುಂದೆ 8 ಎಂಬ ಅಂಕಿ, ಕೊನೆಗೆ 'ಎಫ್' ಮತ್ತು 'ಎಂ' ಎಂಬ ಎರಡಕ್ಷರ. ನಾಣ್ಯದ ದಪ್ಪದ ಮೇಲೆ ಒಂದು ವೃತ್ತ, ಒಂದು ಆಯತ, ಹೀಗೆ ಸಾಲು. ಆ ಸಾಲು ಎದುರುಬದುರಾಗಿ ಎರಡು ಕಡೆ ಒಂದರ ಮೇಲೊಂದು ಏರಿತ್ತು. ಎರಡು ಉಕ್ಕಿನ ಪಟ್ಟಿಗಳ ನಡುವೆ ಉರುಳಿಸಿ ಅಂಚು ಒತ್ತುತ್ತಿದ್ದ ಕಾಲದ ಗುರುತು ಅದು. ಎರಕದ ನಕಲಿನಲ್ಲಿ ಹೀಗೆ ಬರುವುದು ಕಷ್ಟ.

ನಾಣ್ಯ ಅಸಲಿ. ಎಂಟು ರಿಯಾಲಿನ ನಾಣ್ಯ. ಆದರೆ ರಾಜನ ತಲೆಯ ಮೇಲೆ ಒಂದು ತೂತು ಇತ್ತು. ಎರಡೂ ಕಡೆ ಸೇರಿ ಐದು ಪುಟ್ಟ ಮುದ್ರೆಗಳೂ ಇದ್ದವು.

ಬೆಟ್ಟವೊಂದು ಕರಗಿದ ಕಥೆ

ರಿಯಾಲಿನ ಅಳತೆ ನಿಂತದ್ದು 1497ರಲ್ಲಿ, ಸ್ಪೇನಿನ ರಾಣಿ ಇಸಾಬೆಲ್ ಮತ್ತು ರಾಜ ಫರ್ಡಿನಾಂಡ್ ಕಾಲದ ಸುಧಾರಣೆಯಲ್ಲಿ. ಎಂಟು ರಿಯಾಲು ಸೇರಿದರೆ ಸುಮಾರು 27.4 ಗ್ರಾಂ, ಅದರಲ್ಲಿ ಶೇಕಡ 93 ಬೆಳ್ಳಿ. ಈ ಅಳತೆಗೆ ಜೀವ ಬಂದದ್ದು ಅಮೆರಿಕ ಖಂಡದ ಗಣಿಗಳಿಂದ. 1535ರ ರಾಜಾಜ್ಞೆಯ ಪ್ರಕಾರ ಮೆಕ್ಸಿಕೊ ನಗರದಲ್ಲಿ ಖಂಡದ ಮೊದಲ ಟಂಕಸಾಲೆ ಬಂತು, ಮರುವರ್ಷ ಕೆಲಸ ಶುರುವಾಯಿತು. 1545ರಲ್ಲಿ ಇಂದಿನ ಬೊಲಿವಿಯದ ಪೊಟೊಸಿಯಲ್ಲಿ, ಸಮುದ್ರಮಟ್ಟದಿಂದ 4,000 ಮೀಟರಿಗೂ ಎತ್ತರದ ಊರಿನ ನೆತ್ತಿಯ ಮೇಲೆ, ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಸಿರಿಬೆಟ್ಟ ಎಂದೇ ಅದರ ಹೆಸರು. ಈಗಲೂ ಸ್ಪ್ಯಾನಿಷ್ ಭಾಷೆಯಲ್ಲಿ ತುಂಬ ಬೆಲೆಬಾಳುವುದನ್ನು 'ಪೊಟೊಸಿಯಷ್ಟು ಬೆಲೆ' ಎನ್ನುತ್ತಾರೆ.

ಆ ಬೆಲೆ ತೆತ್ತವರು ಬೇರೆ. 1570ರ ದಶಕದಲ್ಲಿ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 'ಮಿತಾ' ಎಂಬ ಕಡ್ಡಾಯ ದುಡಿಮೆಯ ಪದ್ಧತಿಯನ್ನು ಅಲ್ಲಿ ಕಟ್ಟುನಿಟ್ಟು ಮಾಡಿದ. ಸುತ್ತಲಿನ ಪ್ರಾಂತ್ಯಗಳ ಮೂಲನಿವಾಸಿಗಳ ಊರುಗಳಿಂದ ವರ್ಷಕ್ಕೆ ಸುಮಾರು 13,500 ಗಂಡಸರು ಸರದಿಯಂತೆ ಬರಬೇಕಿತ್ತು. ಗಣಿಯೊಳಗೆ ಕುಸಿತ, ಹೊರಗೆ ಚಳಿ, ಅದಿರಿನಿಂದ ಬೆಳ್ಳಿ ಬಿಡಿಸಲು ಬಳಸುವ ಪಾದರಸದ ವಿಷ. ಬಂದವರಲ್ಲಿ ಎಷ್ಟೋ ಮಂದಿ ಊರಿಗೆ ಮರಳಲಿಲ್ಲ. ಬೆಳ್ಳಿ ನಾಣ್ಯದ ಹೊಳಪಿನ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಲೆಕ್ಕ ತಾಳೆಯಾಗುವುದಿಲ್ಲ.

ಮೊದಮೊದಲ ನಾಣ್ಯಗಳು ನಾವು ಅಂದುಕೊಳ್ಳುವಂತೆ ದುಂಡಗಿರಲಿಲ್ಲ. ಬೆಳ್ಳಿಯ ಪಟ್ಟಿಯಿಂದ ತುಂಡು ಕತ್ತರಿಸಿ, ತೂಕಕ್ಕೆ ಸರಿಯಾಗುವ ತನಕ ಅಂಚು ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದೊಂದೂ ಒಂದೊಂದು ಆಕಾರ. ಆದರೆ ತೂಕ ಸರಿ, ಬೆಳ್ಳಿಯ ಶುದ್ಧತೆ ಸರಿ. ಶುದ್ಧತೆಗೆ ಹೊಣೆ ಹೊತ್ತ ಪರೀಕ್ಷಕನ ಹೆಸರಿನ ಅಕ್ಷರ ಪ್ರತಿ ನಾಣ್ಯದ ಮೇಲೂ ಬೀಳಬೇಕಿತ್ತು. ತಪ್ಪಾದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಎಂಬುದು ಅದರ ಮೇಲೆಯೇ ಬರೆದಿರುತ್ತಿತ್ತು. ನಮ್ಮ ಅಜ್ಜಯ್ಯನ ನಾಣ್ಯದ 'ಎಫ್' ಮತ್ತು 'ಎಂ' ಅಂಥವೇ. 18ನೇ ಶತಮಾನದ ಮೆಕ್ಸಿಕೊದಲ್ಲಿ ಒಬ್ಬನಲ್ಲ, ಇಬ್ಬರು ಪರೀಕ್ಷಕರ ಅಕ್ಷರ ಹಾಕುತ್ತಿದ್ದರು.

ಒಬ್ಬನ ಅಕ್ಷರ ಸುಳ್ಳಾದಾಗ

ಈ ವ್ಯವಸ್ಥೆ ಒಮ್ಮೆ ಕುಸಿದುಬಿದ್ದಿತ್ತು. 1640ರ ದಶಕದಲ್ಲಿ ಪೊಟೊಸಿಯ ಟಂಕಸಾಲೆಯಿಂದ ಬರುವ ನಾಣ್ಯಗಳಲ್ಲಿ ಬೆಳ್ಳಿ ಕಡಿಮೆ, ತಾಮ್ರ ಹೆಚ್ಚು ಎಂಬ ದೂರುಗಳು ಏಳತೊಡಗಿದವು. ಬೆಳ್ಳಿ ವ್ಯಾಪಾರಿಗಳೂ ಪರೀಕ್ಷಕರೂ ಕೈಜೋಡಿಸಿದ್ದರು. ಯುರೋಪಿನ ವರ್ತಕರು ಪೊಟೊಸಿಯ ನಾಣ್ಯವೆಂದರೆ ಹಿಂದೆ ಸರಿಯತೊಡಗಿದರು. ದೊರೆ ನಾಲ್ಕನೆಯ ಫೆಲಿಪೆ ತನಿಖೆಗೆ ಕಳುಹಿಸಿದ್ದು ಫ್ರಾನ್ಸಿಸ್ಕೊ ದೆ ನೆಸ್ತಾರೆಸ್ ಮರೀನ್ ಎಂಬ ಅಧಿಕಾರಿಯನ್ನು. 1649ರಲ್ಲಿ ಹಗರಣ ಬಯಲಾಯಿತು. ಪರೀಕ್ಷಕ ಫೆಲಿಪೆ ರಮೀರೆಸ್ ದೆ ಅರೆಯಾನೊ, ಊರಿನ ಮಹಾ ಶ್ರೀಮಂತ ಬೆಳ್ಳಿ ವ್ಯಾಪಾರಿ ಫ್ರಾನ್ಸಿಸ್ಕೊ ಗೋಮೆಸ್ ದೆ ಲಾ ರೋಚಾ, ಇಬ್ಬರಿಗೂ ಮರಣದಂಡನೆಯಾಯಿತು.

ಆಮೇಲಿನ ಕೆಲಸ ನಮ್ಮ ಕ್ಷೇತ್ರದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಕೆಟ್ಟ ಸರಕು ಆಗಲೇ ಜಗತ್ತಿನ ತುಂಬ ಹರಡಿದೆ, ಈಗೇನು ಮಾಡುವುದು? ತಕ್ಕಮಟ್ಟಿಗೆ ಇದ್ದ ನಾಣ್ಯಗಳಿಗೆ ಕಿರೀಟದ ಪುಟ್ಟ ಮುದ್ರೆ ಒತ್ತಿ, ಎಂಟು ರಿಯಾಲಿನದನ್ನು ಏಳೂವರೆ ರಿಯಾಲಿಗೆ ಇಳಿಸಿದರು. ಉಳಿದವು ಕುಲುಮೆಗೆ ಹೋದವು. 1652ರಲ್ಲಿ ವಿನ್ಯಾಸವನ್ನೇ ಬದಲಿಸಿ, ಸಮುದ್ರದ ಅಲೆಗಳ ಮೇಲೆ ನಿಂತ ಎರಡು ಕಂಬಗಳ ಚಿತ್ರ ತಂದರು. ಸುತ್ತಿಗೆಯ ಪೆಟ್ಟು ಅತ್ತಿತ್ತ ಬಿದ್ದರೂ ಕಾಣದೆ ಹೋಗಬಾರದೆಂದು ಇಸವಿ, ಟಂಕಸಾಲೆಯ ಗುರುತು, ಪರೀಕ್ಷಕನ ಅಕ್ಷರಗಳನ್ನು ಒಂದಕ್ಕಿಂತ ಹೆಚ್ಚು ಕಡೆ ಬರೆದರು. ಆ ಒಂದೇ ವರ್ಷದಲ್ಲಿ ಹಲವು ಮಾದರಿಗಳನ್ನು ಮಾಡಿ ಕೈಬಿಟ್ಟದ್ದರಿಂದ, 1652ರ ಪೊಟೊಸಿ ನಾಣ್ಯಗಳು ಈಗ ಸಂಗ್ರಾಹಕರ ಕಣ್ಣಲ್ಲಿ ಬಲು ಅಪರೂಪ. ಕಿರೀಟದ ಮುದ್ರೆ ಬಿದ್ದ ನಾಣ್ಯಗಳು ಎಷ್ಟೋ ಸಿಕ್ಕಿದ್ದು ಸಮುದ್ರದ ತಳದಲ್ಲಿ. 1654ರಲ್ಲಿ ಇಂದಿನ ಈಕ್ವೆಡಾರ್ ತೀರದಲ್ಲಿ ಮುಳುಗಿದ ಹಡಗಿನ ಅವಶೇಷವನ್ನು 1990ರ ದಶಕದಲ್ಲಿ ಹುಡುಕಿದಾಗ ಅವು ಮೇಲೆ ಬಂದವು.

ತಮಾಷೆಯೆಂದರೆ, ಕಲಬೆರಕೆಗಾಗಿ ಪ್ರಜೆಗಳ ಪ್ರಾಣ ತೆಗೆದ ಸಿಂಹಾಸನವೇ ಮುಂದೆ ಅದೇ ಕೆಲಸ ಮಾಡಿತು. 1772ರಲ್ಲಿ ಒಮ್ಮೆ, 1786ರಲ್ಲಿ ಮತ್ತೊಮ್ಮೆ, ಗುಟ್ಟಿನ ಆಜ್ಞೆ ಹೊರಡಿಸಿ ಬೆಳ್ಳಿಯ ಪ್ರಮಾಣವನ್ನು ತುಸು ಇಳಿಸಿದರು. ನಮ್ಮ 1797ರ ನಾಣ್ಯದಲ್ಲಿರುವುದು ಶೇಕಡ 90ಕ್ಕೂ ಒಂದು ಕೂದಲೆಳೆ ಕಡಿಮೆ. ಇಳಿಕೆ ಚಿಕ್ಕದಾಗಿದ್ದರಿಂದಲೂ, ಇಳಿಸಿದ ಮಟ್ಟವನ್ನು ಸರಿಯಾಗಿ ಕಾಯ್ದುಕೊಂಡದ್ದರಿಂದಲೂ ನಾಣ್ಯದ ಮೇಲಿನ ನಂಬಿಕೆ ಉಳಿಯಿತು.

ನಮ್ಮ ಕಡೆಗೆ ಬಂದದ್ದು ಹೇಗೆ?

ಹಾಗೆ ನಂಬಿದವರು ಸ್ಪೇನಿನ ಪ್ರಜೆಗಳಷ್ಟೇ ಅಲ್ಲ. 1565ರಿಂದ 1815ರವರೆಗೆ ಮೆಕ್ಸಿಕೊದ ಅಕಾಪುಲ್ಕೊ ಬಂದರಿನಿಂದ ಫಿಲಿಪ್ಪೀನ್ಸಿನ ಮನಿಲಾಕ್ಕೆ ಬೆಳ್ಳಿ ತುಂಬಿದ ಹಡಗುಗಳು ಓಡಾಡಿದವು. ಅಲ್ಲಿಂದ ಬೆಳ್ಳಿ ಚೀನಾಕ್ಕೆ ಹೋಗಿ, ರೇಷ್ಮೆ ಮತ್ತು ಪಿಂಗಾಣಿ ಬಂತು. ಇತ್ತ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಇದೇ ನಾಣ್ಯ ಹೊತ್ತು ಭಾರತಕ್ಕೆ ಬಂದರು. ನಮ್ಮ ಬಟ್ಟೆ, ಮೆಣಸು, ನೀಲಿ ಅವರಿಗೆ ಬೇಕಿತ್ತು. ಅವರ ಸರಕು ನಮಗೆ ಅಷ್ಟಾಗಿ ಬೇಕಿರಲಿಲ್ಲ, ಬೆಳ್ಳಿ ಬೇಕಿತ್ತು. ಇಂಗ್ಲಿಷರು 1638ರಲ್ಲಿ ನಮ್ಮ ಕಾರವಾರದಲ್ಲಿ ಕೋಠಿ ತೆರೆದದ್ದೂ ಮೆಣಸಿನ ಆಸೆಗೆ. ಆದರೆ ದಕ್ಷಿಣದಲ್ಲಿ ಚಿನ್ನದ ವರಹ ಮತ್ತು ಹಣಗಳದ್ದೇ ರಾಜ್ಯಭಾರ. ಬೆಳ್ಳಿಯ ದೊಡ್ಡ ಹೊಳೆ ಹರಿದದ್ದು ಮೊಘಲರ ಸೂರತ್ ಕಡೆಗೆ.

ಅಲ್ಲಿ ರಿಯಾಲಿಗೆ ನಾಣ್ಯವೆಂಬ ಮರ್ಯಾದೆ ಇರಲಿಲ್ಲ, ಅದು ಬರೀ ಲೋಹ. ಚಿನಿವಾರರು ತೂಗಿ, ಒರೆ ಹಚ್ಚಿ, ಬೆಲೆ ಕಟ್ಟುತ್ತಿದ್ದರು. ನಂತರ ಅದನ್ನು ಟಂಕಸಾಲೆಯಲ್ಲಿ ಕರಗಿಸಿ ರೂಪಾಯಿ ಮಾಡುತ್ತಿದ್ದರು. ಹಳೆಯ ರಿಯಾಲಿನಲ್ಲಿ ಸುಮಾರು 25.5 ಗ್ರಾಂ ಅಪ್ಪಟ ಬೆಳ್ಳಿ, ಮೊಘಲರ ರೂಪಾಯಿಯ ತೂಕ ಸುಮಾರು 11.4 ಗ್ರಾಂ. ಒಂದು ರಿಯಾಲ್ ನಾಣ್ಯಕ್ಕೆ ಎರಡು ರೂಪಾಯಿ ಮೇಲೆ ಚಿಲ್ಲರೆ. ಈಗ ನಾವು ಕಥಾ ಕಮ್ಮಟ, ಕಾವ್ಯ ಕಮ್ಮಟ ಎನ್ನುತ್ತೇವಲ್ಲ, ಆ ಕಮ್ಮಟ ಎಂಬ ಪದಕ್ಕೆ ಮೂಲ ಅರ್ಥ ಟಂಕಸಾಲೆಯೇ. ಒಂದು ಕಮ್ಮಟದಲ್ಲಿ ಹುಟ್ಟಿ ಇನ್ನೊಂದು ಕಮ್ಮಟದಲ್ಲಿ ಕರಗುವುದು ಕೋಟಿಗಟ್ಟಲೆ ರಿಯಾಲುಗಳ ಹಣೆಬರಹವಾಗಿತ್ತು.

ಅಪರೂಪ ಎಂಬುದರ ಗುಟ್ಟು ಇಲ್ಲಿದೆ. ಹಳೆಯದಾದ ಮಾತ್ರಕ್ಕೆ ನಾಣ್ಯ ಅಪರೂಪ ಆಗುವುದಿಲ್ಲ. ಎಷ್ಟು ಅಚ್ಚಾಯಿತು, ಕುಲುಮೆಯಿಂದ ಎಷ್ಟು ತಪ್ಪಿಸಿಕೊಂಡಿತು ಎಂಬುದೇ ಮುಖ್ಯ. ಮೆಕ್ಸಿಕೊದಲ್ಲಿ 1538ರ ಸುಮಾರಿಗೆ ಎಂಟು ರಿಯಾಲಿನ ನಾಣ್ಯ ಮಾಡಲು ಹೋಗಿ, ಕಷ್ಟವೆಂದು ನಿಲ್ಲಿಸಿದ್ದರು. 1545ರ ವಿಚಾರಣೆಯೊಂದರ ಸಾಕ್ಷ್ಯದಲ್ಲಿ ಈ ಮಾತು ದಾಖಲಾಗಿತ್ತು, ನಾಣ್ಯವನ್ನು ಮಾತ್ರ ಯಾರೂ ನೋಡಿರಲಿಲ್ಲ. 1990ರ ದಶಕದಲ್ಲಿ ಮುಳುಗಿದ ಹಡಗೊಂದರಿಂದ ಅವು ಸಿಕ್ಕಿದವು, ಮೂರೇ ಮೂರು. ನಾಲ್ಕೂವರೆ ಶತಮಾನ ಕಾಗದದಲ್ಲಿ ಮಾತ್ರ ಇದ್ದ ನಾಣ್ಯ ಕೈಗೆ ಬಂತು. ಕೋಟಿಯ ಮಾತು ಬರುವುದು ಇಂಥವುಗಳಿಗೆ.

ತೂತಿನ ಕಥೆ ಇನ್ನೂ ಸ್ವಾರಸ್ಯ. 1812ರಲ್ಲಿ ಆಸ್ಟ್ರೇಲಿಯದ ಸಿಡ್ನಿಗೆ 40,000 ಸ್ಪ್ಯಾನಿಷ್ ಡಾಲರುಗಳು, ಅಂದರೆ ಇವೇ ಎಂಟು ರಿಯಾಲಿನ ನಾಣ್ಯಗಳು, ಹಡಗಿನಲ್ಲಿ ಬಂದಿಳಿದವು. ಹಡಗು ಹೊರಟದ್ದು ನಮ್ಮ ಮದರಾಸಿನಿಂದ. ನಾಣ್ಯಗಳು ವ್ಯಾಪಾರಿಗಳ ಜೊತೆ ಊರು ಬಿಟ್ಟು ಹೋಗಬಾರದೆಂದು ಗವರ್ನರ್ ಲಾಕ್ಲನ್ ಮ್ಯಾಕ್ವಾರಿ ಒಂದು ಉಪಾಯ ಮಾಡಿದ. ನಕಲಿ ನಾಣ್ಯ ಮಾಡಿ ಶಿಕ್ಷೆಗೊಳಗಾಗಿ ಅಲ್ಲಿಗೆ ಬಂದಿದ್ದ ವಿಲಿಯಂ ಹೆನ್‌ಶಾಲ್ ಎಂಬವನಿಂದಲೇ ನಾಣ್ಯಗಳ ನಡುವೆ ದೊಡ್ಡ ತೂತು ಹೊಡೆಸಿದ. ಹೊರಗಿನ ಬಳೆಗೆ ಐದು ಶಿಲ್ಲಿಂಗ್, ಒಳಗಿನ ಬಿಲ್ಲೆಗೆ ಹದಿನೈದು ಪೆನ್ಸ್. 1829ರ ಹೊತ್ತಿಗೆ ಚಲಾವಣೆ ನಿಲ್ಲಿಸಿ, ಬಂದದ್ದನ್ನೆಲ್ಲ ಕರಗಿಸಿದರು. ಈಗ ಉಳಿದಿರುವ ಬಳೆ ನಾಣ್ಯಗಳು ಸುಮಾರು 300. ಆ ತೂತಿಗೆ ಭಾರೀ ಬೆಲೆ.

ನಮ್ಮ ನಾಣ್ಯದ ತೂತಿಗೆ ಬೆಲೆ ಇಲ್ಲ. ಯಾರೋ ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲು ಕೊರೆಸಿದ್ದು ಅದು. 1790ರ ದಶಕದಲ್ಲಿ ಮೆಕ್ಸಿಕೊ ವರ್ಷಕ್ಕೆ ಎರಡು ಕೋಟಿ ಪೆಸೊಗೂ ಹೆಚ್ಚು ನಾಣ್ಯ ಅಚ್ಚು ಹಾಕುತ್ತಿತ್ತು, ಪೆಸೊ ಎಂದರೆ ಎಂಟು ರಿಯಾಲು. ಕರಗಿ ಉಳಿದದ್ದೂ ಬೇಕಾದಷ್ಟಿವೆ. ಮುಂಬೈಯ ಕೋಟೆ ಪ್ರದೇಶದ ಹಿರಿಯ ನಾಣ್ಯ ವ್ಯಾಪಾರಿಯೊಬ್ಬರು ಭೂತಗನ್ನಡಿಯಲ್ಲಿ ನೋಡಿ, "ಅಸಲಿ ಮಾಲು, ಆದರೆ ಸಾಮಾನ್ಯ. ಬೆಳ್ಳಿಯ ಬೆಲೆಯ ಮೇಲೆ ಸ್ವಲ್ಪ ಹೆಚ್ಚು ಸಿಗಬಹುದು" ಎಂದರು. ಒಳಗಿರುವ ಅಪ್ಪಟ ಬೆಳ್ಳಿ ಸುಮಾರು 23.5 ಗ್ರಾಂ. ಐದು ಮುದ್ರೆಗಳನ್ನು ತೋರಿಸಿ ಅವರೇ ಹೇಳಿದರು, ಅವು ಚೀನಾದ ವರ್ತಕರ ಗುರುತು. ನಾಣ್ಯ ಕೈಗೆ ಬಂದಾಗ ಪರೀಕ್ಷಿಸಿ, 'ಇದು ಸರಿ ಇದೆ, ಇದಕ್ಕೆ ನಾನು ಹೊಣೆ' ಎಂದು ಒತ್ತುತ್ತಿದ್ದ ಮುದ್ರೆ. ಮೆಕ್ಸಿಕೊದ ಇಬ್ಬರ ಅಕ್ಷರದ ಮೇಲೆ ಚೀನಾದ ಐವರ ಸಾಕ್ಷಿ.

ಲೆಕ್ಕ ತಾಳೆಯಾದ ದಿನ

ಈ ನಡುವೆ ಚಿಕ್ಕಪ್ಪನಿಗೆ ಫೋನ್ ಒಂದು ಬಂದಿತ್ತು. ನಾಣ್ಯಕ್ಕೆ 60 ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ 2,500 ರೂಪಾಯಿ ಕಟ್ಟಿ ಎಂದು. ಪುಣ್ಯಕ್ಕೆ ಕಟ್ಟುವ ಮೊದಲು ನನ್ನನ್ನು ಕೇಳಿದರು. ತನ್ನ ಹೆಸರು ಹೇಳಿಕೊಂಡು ಹಳೆಯ ನಾಣ್ಯ, ನೋಟು ಕೊಳ್ಳುವ ನೆಪದಲ್ಲಿ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ವಿದೇಶದ ಹರಾಜಿಗೆ ಕಳುಹಿಸೋಣವೆಂದರೆ ಅದೂ ಆಗದು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ ಇನ್ನೊಂದು ಮಾತು: ಹುಣಸೆಹುಳಿ ಹಾಕಿ ತಿಕ್ಕಬೇಡಿ. ಹೊಳಪು ಬಂದರೆ ಬೆಲೆ ಹೋಗುತ್ತದೆ.

ದೀಪಾವಳಿಗೆ ಊರಿಗೆ ಹೋದಾಗ ತಕ್ಕಡಿಯನ್ನೂ ಒಯ್ದೆ. ಫೋನಿನಲ್ಲಿ ಹೇಳಿದರೆ ಒಬ್ಬರು ನಂಬಿಯಾರು, ಇನ್ನೊಬ್ಬರು ಬಿಟ್ಟಾರು. ಜಗಲಿಯಲ್ಲಿ ಇಬ್ಬರನ್ನೂ ಕೂರಿಸಿದೆ. ನಾನು ನಾಣ್ಯ ಮುಟ್ಟಲಿಲ್ಲ. ಚಿಕ್ಕಪ್ಪ ದಾರ ಹಿಡಿದರು, ಅಪ್ಪಯ್ಯ ಕನ್ನಡಕ ಹಾಕಿಕೊಂಡು ತಕ್ಕಡಿಯ ಅಂಕಿ ಓದಿದರು. ಕೈ ನಡುಗಿ ಮೊದಲ ಸಲ ಲೋಟದ ತಳಕ್ಕೆ ತಾಗಿತು. "ಸಮಾ ಹಿಡಿ ಮಾರಾಯಾ" ಎಂದರು ಅಪ್ಪಯ್ಯ. ಅಣ್ಣ ತಮ್ಮನಿಗೆ ಹಾಗೆ ಹೇಳಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಎರಡನೆಯ ಸಲ 2.55 ಬಂತು.

ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪ ಕೇಳಿದರು, "ಇಷ್ಟಕ್ಕೇ ಆಗಿತ್ತಾ?"

ನಾಣ್ಯದ ಬಗ್ಗೆ ಕೇಳಿದರೋ, ಆ ಹದಿನಾಲ್ಕು ವರ್ಷದ ಬಗ್ಗೆಯೋ ನನಗೆ ತಿಳಿಯಲಿಲ್ಲ. ಅಪ್ಪಯ್ಯ ಉತ್ತರ ಕೊಡಲಿಲ್ಲ. ನಾಣ್ಯವನ್ನು ಒರೆಸಿ, ಅಜ್ಜಿ ಸುತ್ತಿಟ್ಟಿದ್ದ ಅದೇ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ತಮ್ಮನ ಕೈಗೆ ಕೊಟ್ಟರು. ಚಿಕ್ಕಪ್ಪ ಅದನ್ನು ಒಯ್ಯಲಿಲ್ಲ. ಎದ್ದು ಹೋಗಿ ಅಜ್ಜಿಯ ಟ್ರಂಕಿನಲ್ಲೇ ಇಟ್ಟು ಬಂದರು. ಬೀಗ ಹಾಕಲಿಲ್ಲ.